"ಲಿಂಗ ಯಾಕ ಕಟ್ಕೋಬೇಕು?" ಅಂತ ಕೇಳೋ ಹುಡುಗರಿಗೆ

ನಮ್ಮ ಚಚಡಿ, ಬೈಲಹೊಂಗಲ ಕಡೆ ಲಿಂಗಾಯತ ಮನೆಗಳ ಹುಡುಗರು ಕೇಳೋ ಪ್ರಶ್ನೆ ಇದು: "ಲಿಂಗ ಯಾಕ ಕಟ್ಕೋಬೇಕು?" ಮನೆಯಲ್ಲಿ ಸಿಗೋ ಉತ್ತರ ಬಹುತೇಕ ಒಂದೇ: "ಹಿರ್ಯಾರು ಕಟ್ಕೊಂಡ ಬಂದಾರ, ನೀನೂ ಕಟ್ಕೋ." ಅಲ್ಲಿಗೆ ಮಾತು ಮುಗೀತು. ಕರಡಿಗೆ ದೇವರ ಜಗಲಿ ಮ್ಯಾಲೆ ಉಳೀತು.

ಇದೇ ಪ್ರಶ್ನೆ ಯಹೂದಿ ಹುಡುಗರಿಗೂ ಇದೆ. ಯಹೂದಿ ಅಂದ ಕೂಡ್ಲೆ ಇಸ್ರೇಲಿನ ತನಕ ಹೋಗಬೇಡಿ. ಘಟ್ಟ ಇಳಿದರೆ ಕೊಂಕಣ. ಅಲ್ಲಿ ಮರಾಠಿ ಮಾತಾಡೋ ಬೆನೆ ಇಸ್ರೇಲಿಗಳು ಶತಮಾನಗಳಿಂದ ಬಾಳಿದವರು. ಎಣ್ಣೆ ತೆಗೆಯೋದು ಅವರ ಕಸುಬು, ಶನಿವಾರ ಮಾತ್ರ ಗಾಣ ಬಂದ್. ಅದಕ್ಕೇ ಊರವರು 'ಶನಿವಾರ ತೇಲಿ' ಅಂತ ಕರೆದರು. ಹೀಬ್ರೂ ಭಾಷೆ ಬಹುಮಟ್ಟಿಗೆ ಮರೆತೇ ಹೋಗಿತ್ತು. 'ಶೆಮಾ' ಅನ್ನೋ ಪ್ರಾರ್ಥನೆ, ಶನಿವಾರದ ಬಿಡುವು ಮಾತ್ರ ಕೈಬಿಡಲಿಲ್ಲ. ಹಾಗಾಗಿ ಬರೀ ಆಚರಣೆಯನ್ನು ನಾನು ಹಗುರವಾಗಿ ನೋಡೋದಿಲ್ಲ.

ಆದರೆ ಯಹೂದಿಗಳಲ್ಲಿ ಇನ್ನೊಂದು ಪದ್ಧತಿ ಇದೆ. ನನಗೆ ಹೆಚ್ಚು ಹಿಡಿಸಿದ್ದು ಅದು. ಪೆಸಾಕ್ ಹಬ್ಬದ ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ, ಮನೆಯ ಅತಿ ಸಣ್ಣ ಕೂಸು ಪ್ರಶ್ನೆ ಕೇಳಬೇಕು: ಇವತ್ತಿನ ರಾತ್ರಿ ಯಾಕೆ ಬೇರೆ? ಆಗ ಹಿರಿಯರು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆ ಹೇಳ್ತಾರೆ. ಮಕ್ಕಳಿಲ್ಲದಿದ್ದರೆ ದೊಡ್ಡವರೇ ಕೇಳಬೇಕು. ಒಬ್ಬನೇ ಇದ್ದರೆ ತನಗೆ ತಾನೇ ಕೇಳ್ಕೋಬೇಕು! ಅಂದ್ರೆ ಪ್ರಶ್ನೆ ಕೇಳೋದು ಅಲ್ಲಿ ಉದ್ಧಟತನ ಅಲ್ಲ, ಹಬ್ಬದ ಒಂದು ಭಾಗ.

ನಮ್ಮಲ್ಲಿ ಇದು ಇರಲಿಲ್ವಾ? ಇತ್ತು. 'ಶೂನ್ಯಸಂಪಾದನೆ' ತೆಗೆದು ನೋಡಿ, ಅಲ್ಲಮನ ಜೊತೆ ಶರಣರು ನಡೆಸೋ ವಾದ, ಪ್ರಶ್ನೆ, ಮರುಪ್ರಶ್ನೆ.

ಹಾಗಾದ್ರೆ ಉತ್ತರ ಏನು? 12ನೇ ಶತಮಾನದಲ್ಲಿ ಗುಡಿಯ ಬಾಗಿಲು ಮುಚ್ಚಿದ್ದ ಜನರ ಅಂಗೈಗೇ ದೇವರು ಬಂದ. ನಡುವೆ ಪೂಜಾರಿ ಬೇಡ. ಡೋಹರ ಕಕ್ಕಯ್ಯನಿಗೂ ಅದೇ ಲಿಂಗ, ಸೂಳೆ ಸಂಕವ್ವೆಗೂ ಅದೇ ಲಿಂಗ. ಇದನ್ನು ನಿಜವಂತ ನಂಬಿ, ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದರು. ಕಲ್ಯಾಣದಲ್ಲಿ ರಕ್ತ ಹರಿಯಿತು. ಚನ್ನಬಸವಣ್ಣ ಮತ್ತು ಶರಣರು ವಚನದ ಕಟ್ಟು ಹೊತ್ತು ಉಳವಿಯತ್ತ ನಡೆದರು. ಅವರು ಹಾದು ಹೋದದ್ದು ಕಾದರೊಳ್ಳಿ, ಕಕ್ಕೇರಿ, ಅಂದ್ರೆ ನಮ್ಮದೇ ಸೀಮೆ, ಅಂತ ಜನ ಇವತ್ತಿಗೂ ಹೇಳ್ತಾರೆ.

ಇಷ್ಟು ಹೇಳಿದ್ರೆ ಹುಡುಗ ಸುಮ್ನೆ ಕೂಡ್ತಾನ? ಇಲ್ಲ. ಮುಂದಿನ ಪ್ರಶ್ನೆ ಬರ್ತದೆ: "ಎಲ್ಲಾರ ಲಿಂಗಾನೂ ಒಂದಾದ್ರ, ಕನ್ಯಾ ನೋಡಾಕ ಹೋದಾಗ ಒಳಪಂಗಡ ಯಾಕ ಕೇಳ್ತೀರಿ?" ಮೊದಲನೇ ಪ್ರಶ್ನೆಗೇ ನಾವು ಬಾಯಿ ಮುಚ್ಚಿಸೋದು ಈ ಎರಡನೇದರ ಅಂಜಿಕೆಗೇ ಅಂತ ನನ್ನ ಗುಮಾನಿ.

ಭಾರತ ಹುಣ್ಣಿಮೆಗೆ ನಮ್ಮ ಭಾಗದಿಂದ ಚಕ್ಕಡಿ ಕಟ್ಟಿಕೊಂಡು ಉಳವಿ ಜಾತ್ರೆಗೆ ಹೋಗ್ತಾರಲ್ಲ, ದಾರಿಯಲ್ಲಿ ಎತ್ತು ಬಿಚ್ಚಿ ಬುತ್ತಿ ಬಿಚ್ಚೋ ಹೊತ್ತಿಗೆ, ಬಂಡಿಯಲ್ಲಿರೋ ಅತಿ ಸಣ್ಣವರಿಗೆ ಹೇಳಿ: ಮೊದಲು ನೀನು ಒಂದು ಪ್ರಶ್ನೆ ಕೇಳು, ಆಮ್ಯಾಲೆ ಊಟ.