ಕ್ಲಚ್ ವೈರು ತುಂಡಾದರೂ ಮೇಲುಕೋಟೆ ಹತ್ತಿದ ಜಾವಾ

ಪಾಂಡವಪುರ ದಾಟಿ ಕೆರೆತೊಣ್ಣೂರಿನ ಕಡೆ ಹೊರಳಿದ ಮೇಲೆ ಸಾಲಿನ ನಡುವಿದ್ದ ಕಡುಗೆಂಪು ಜಾವಾ ಒಂದರ ವೇಗ ತಗ್ಗಿತು. ಸವಾರರಾದ ನಿವೃತ್ತ ಮೇಷ್ಟರು ಎಡಗೈ ಎತ್ತಿ, ಕಬ್ಬಿನ ಗದ್ದೆಯ ಬದಿಗೆ ಗಾಡಿ ನಿಲ್ಲಿಸಿದರು. ಕ್ಲಚ್ ವೈರು ತುಂಡಾಗಿತ್ತು. ಸಾಲಿನ ಕೊನೆಯಲ್ಲಿ ಬರುತ್ತಿದ್ದ ಹುಡುಗ ಇಳಿದು ಓಡಿಬಂದ.

‘ವೈರ್ ಇದೆ ಸಾರ್, ಈಗ್ಲೇ ಹಾಕ್ಬಿಡ್ತೀನಿ.’

‘ಈಗ ಬೇಡ ಕಣಪ್ಪ. ಮೇಲುಕೋಟೇಲಿ ಪುಳಿಯೋಗರೆ ತಿನ್ನುವಾಗ ಹಾಕಿದ್ರಾಯ್ತು. ಇದು ಹಂಗೇ ಹೋಗುತ್ತೆ.’

ಹೋಯಿತು. ಕೆರೆ ಏರಿ, ಹಳ್ಳಿಯ ತಿರುವು, ಮೇಲುಕೋಟೆಯ ಏರುದಾರಿ, ಎಲ್ಲವನ್ನೂ ಅವರು ಕ್ಲಚ್ ಹಿಡಿಕೆ ಮುಟ್ಟದೆ ದಾಟಿದ್ದನ್ನು ಹಿಂದಿನ ಸೀಟಿನಲ್ಲಿ ಕೂತು ನೋಡಿದೆ. ಮೈಸೂರಿನ ಜಾವಾ–ಯೆಜ್ಡಿ ಬಳಗವೊಂದರ ಭಾನುವಾರದ ಸವಾರಿಗೆ ಜೊತೆಯಾದ ನನಗೆ ಆ ದಿನದ ದೊಡ್ಡ ಲಾಭ ಇದೇ.

ಜಾವಾದಲ್ಲಿ ಎಡಗಾಲಿನ ಬಳಿ ಇರುವುದು ಒಂದೇ ಲಿವರ್. ಅದನ್ನು ಎಂಜಿನ್ ಕಡೆಗೆ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್. ಗಾಡಿ ಶುರುವಾದ ಮೇಲೆ ಮುಂದಕ್ಕೆ ಮಡಚಿದರೆ ಗೇರ್. ಇಷ್ಟು ಓದುಗರಿಗೆ ಗೊತ್ತೇ ಇದೆ. ಹೆಚ್ಚಿನವರ ಗಮನಕ್ಕೆ ಬಾರದ್ದು ಅದರ ಮೂರನೆಯ ಕೆಲಸ. ಗೇರ್ ಬದಲಿಸಲು ಕಾಲಿನಿಂದ ಲಿವರ್ ಒತ್ತುತ್ತಿದ್ದಂತೆ ಒಳಗಿನ ಕ್ಯಾಮ್ ತಿರುಗಿ ಕ್ಲಚ್ ಪ್ಲೇಟುಗಳನ್ನು ಬಿಡಿಸುತ್ತದೆ, ಆಮೇಲೆ ಗೇರ್ ಬೀಳುತ್ತದೆ. ಕಾಲು ಸಡಿಲಿಸಿದರೆ ಪ್ಲೇಟುಗಳು ಮತ್ತೆ ಕಚ್ಚಿಕೊಳ್ಳುತ್ತವೆ. ಹಾಗಾಗಿ ಓಡುವಾಗ ಕೈ ಕ್ಲಚ್ಚು ಬೇಕೇ ಇಲ್ಲ. ನಿಂತ ಗಾಡಿ ಹೊರಡಿಸುವುದೇ ಸೂಕ್ಷ್ಮ. ಮೇಷ್ಟರು ಒಂದನೇ ಗೇರಿಗೆ ಒತ್ತಿದ ಕಾಲನ್ನು ಎತ್ತದೆ ಹಾಗೇ ಹಿಡಿದರು, ಬಲಗೈಯಲ್ಲಿ ಎಕ್ಸಲರೇಟರ್ ತುಸು ತಿರುವಿದರು, ಮತ್ತೆ ಹಿಮ್ಮಡಿ ಊರಿ ಪಾದವನ್ನು ಕೂದಲೆಳೆಯಷ್ಟೇ ಸಡಿಲಿಸುತ್ತ ಬಂದರು. ಗಾಡಿ ಎಳೆದಾಡದೆ ಜಾರಿಕೊಂಡು ಹೊರಟಿತು. ಬೂಟಿನ ಎಡತುದಿಯ ಚರ್ಮ ಸವೆದು ಬಿಳಿಚಿಕೊಂಡಿದ್ದು ಕಂಡಾಗ ಈ ಕಾಲು ಎಷ್ಟು ವರ್ಷ ಪಳಗಿದೆ ಎಂಬುದು ಅರ್ಥವಾಯಿತು. ಎರಡನೇ ಮಹಾಯುದ್ಧದ ನಂತರದ ಜಾವಾಗಳಲ್ಲೇ ಬಂದ ಈ ಏರ್ಪಾಡನ್ನು ಸರಿಗಟ್ಟುವ ಸರಳ ಜಾಣ್ಮೆ ಇಂದಿನ ಬೈಕುಗಳಲ್ಲಿ ನನಗೆ ಕಂಡಿಲ್ಲ.

ಇತಿಹಾಸವನ್ನು ಚುಟುಕಾಗಿ ಹೇಳುವುದಾದರೆ, ಜಾವಾ ಹುಟ್ಟಿದ್ದು 1929ರಲ್ಲಿ, ಚೆಕೊಸ್ಲೊವಾಕಿಯಾದಲ್ಲಿ. ಇರಾನಿ ಕುಟುಂಬದ ಐಡಿಯಲ್ ಜಾವಾ ಕಂಪನಿ 1960ರಲ್ಲಿ ಮೈಸೂರಿನ ಯಾದವಗಿರಿಗೆ ಅದನ್ನು ತಂದಿತು. ಮರುವರ್ಷ ಕಾರ್ಖಾನೆ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, ರೋಡ್‌ಕಿಂಗ್ ಬಂತು. ಎಂಬತ್ತರ ದಶಕದಲ್ಲಿ ಕಡಿಮೆ ಪೆಟ್ರೋಲ್ ಕುಡಿಯುವ ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದವು, ಆಮೇಲೆ ಹೊಗೆಯ ನಿಯಮಗಳು ಬಿಗಿಯಾದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಬೇರೊಂದು ಕಂಪನಿ ಜಾವಾ ಹೆಸರಿನಲ್ಲಿ ಹೊಸ ಬೈಕು ತಂದಿದೆ. ಅದು ಫೋರ್ ಸ್ಟ್ರೋಕ್. ಚೆನ್ನಾಗಿಯೇ ಇದೆ, ಆದರೆ ಈ ಲಿವರ್ ಅದರಲ್ಲಿಲ್ಲ.

ಗುಂಪು ಸವಾರಿ ಎಂದರೆ ನನಗೆ ಮೊದಲಿಂದಲೂ ಅನುಮಾನ. ಸೈಲೆನ್ಸರ್ ಟೊಳ್ಳು ಮಾಡಿಸಿಕೊಂಡು ಹಳ್ಳಿ ನಡುಗಿಸುತ್ತ ಹೋಗುವ ತಂಡಗಳನ್ನು ಬೇಕಾದಷ್ಟು ಕಂಡಿದ್ದೇನೆ. ಈ ಬಳಗದ ಕಟ್ಟುಪಾಡು ಬೇರೆ. ಸೈಲೆನ್ಸರ್ ಒಳಗಿನ ಕೊಳವೆ ತೆಗೆಸಿದ ಗಾಡಿಗೆ ಪ್ರವೇಶವಿಲ್ಲ. ದಾರಿ ಗೊತ್ತಿರುವವರು ಮುಂದೆ, ಸ್ಪ್ಯಾನರ್ ಹಿಡಿಯಬಲ್ಲವರು ಕೊನೆಗೆ. ನಡುವಿನವರು ಎಡಕ್ಕೊಬ್ಬರು, ಬಲಕ್ಕೊಬ್ಬರು ಓರೆಯಾಗಿ, ಮುಂದಿನ ಗಾಡಿಗೆ ಎರಡು ಸೆಕೆಂಡಿನ ಅಂತರ ಬಿಟ್ಟು ಸಾಗುತ್ತಾರೆ. ಕಿರಿದಾದ ತಿರುವು ಬಂದರೆ ಒಂದೇ ಸಾಲು. ಬಲಕ್ಕೆ ಗುಂಡಿ ಇದ್ದರೆ ಬಲಗಾಲು ಚಾಚಿ ತೋರಿಸುತ್ತಾರೆ. ಪ್ರತಿಯೊಬ್ಬರೂ ಕನ್ನಡಿಯಲ್ಲಿ ತಮ್ಮ ಹಿಂದಿನವರನ್ನು ಗಮನಿಸಬೇಕು, ಅವರು ಕಾಣದಿದ್ದರೆ ನಿಧಾನಿಸಬೇಕು. ಮೇಷ್ಟರ ಗಾಡಿ ನಿಂತ ಸುದ್ದಿ ಮುಂದಿನವರನ್ನು ಮುಟ್ಟಿದ್ದು ಹೀಗೆ, ಒಂದೂ ಫೋನ್ ಕರೆಯಿಲ್ಲದೆ. ರಸ್ತೆಯಲ್ಲಿ ಹುರುಳಿ ಹರಡಿದ್ದ ಕಡೆ ಇಡೀ ಸಾಲು ಅಂಚಿಗೆ ಸರಿದು ಹೋಯಿತು.

ಹಳೆಯ ಟೂ ಸ್ಟ್ರೋಕ್ ಗಾಡಿಗೆ ಏರಿಗಿಂತ ಇಳಿಜಾರೇ ಪರೀಕ್ಷೆ. ಎಂಜಿನ್ನಿಗೆ ಆಯಿಲ್ ಸಿಗುವುದು ಪೆಟ್ರೋಲಿನ ಜೊತೆಗೇ, ಲೀಟರಿಗೆ ಸುಮಾರು 40 ಮಿಲಿಲೀಟರಿನಂತೆ ಬೆರೆಸಿದ್ದು. ಗೇರಿನಲ್ಲಿಟ್ಟು ಎಕ್ಸಲರೇಟರ್ ಪೂರ್ತಿ ಮುಚ್ಚಿಕೊಂಡು ಇಳಿದರೆ ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಪೆಟ್ರೋಲ್ ಮಾತ್ರ ಸರಿಯಾಗಿ ಬರುವುದಿಲ್ಲ. ಆಯಿಲ್ ಕಾಣದ ಪಿಸ್ಟನ್ ಜಾಮ್ ಆಗಿ ಹಿಂಚಕ್ರ ಸಿಕ್ಕಿಕೊಳ್ಳಬಹುದು. ಮೇಲುಕೋಟೆಯಿಂದ ಇಳಿಯುವ ಮುನ್ನ ಎಲ್ಲರನ್ನೂ ಕೂಡಿಸಿ ಹೇಳಿದ್ದು ಇದೊಂದೇ ಮಾತು: ‘ಆಗಾಗ ಎಕ್ಸಲರೇಟರ್ ಕೊಡ್ತಾ ಇಳೀರಪ್ಪ.’ ಇಳಿಯುವಾಗ ಮೂವತ್ತಕ್ಕೂ ಹೆಚ್ಚು ಗಾಡಿಗಳು ಬಿಟ್ಟುಬಿಟ್ಟು ಗುಡುಗಿದ್ದು ಇದಕ್ಕೇ.

ಈ ತಿಳಿವಳಿಕೆ ಓಡಿಸುವವರ ಕೈಕಾಲುಗಳಲ್ಲಿದೆ. ಮೇಷ್ಟರ ವೈರನ್ನು ಕಲ್ಯಾಣಿಯ ಬಳಿ ಹಾಕಿಕೊಟ್ಟ ಹುಡುಗ ಕಾರ್ಖಾನೆ ಮುಚ್ಚಿದ ಮೇಲೆ ಹುಟ್ಟಿದವನು. ಕಲಿತದ್ದು ಇಂಥ ಸವಾರಿಗಳಲ್ಲೇ. ಹೊಳಪು ಹಚ್ಚಿ ಮೈದಾನದಲ್ಲಿ ನಿಲ್ಲಿಸಿ ಫೋಟೊ ತೆಗೆಯುವ ಪ್ರದರ್ಶನಗಳ ಬಗ್ಗೆ ನನಗೆ ಒಲವಿಲ್ಲ. ಓಡದ ಜಾವಾ ಯಾರಿಗೂ ಏನನ್ನೂ ಕಲಿಸುವುದಿಲ್ಲ.

ನಿಮ್ಮ ಮನೆಯ ಕೊಟ್ಟಿಗೆಯಲ್ಲೋ ಷೆಡ್ಡಿನಲ್ಲೋ ಅಪ್ಪನ ಕಾಲದ ಯೆಜ್ಡಿ ಗೋಣಿತಾಟು ಹೊದ್ದು ನಿಂತಿದ್ದರೆ ಗುಜರಿಗೆ ಹಾಕಬೇಡಿ. ಆತುರಪಟ್ಟು ಕಿಕ್ ಮಾಡಲೂ ಹೋಗಬೇಡಿ. ಹಳೆ ಪೆಟ್ರೋಲ್ ಚೆಲ್ಲಿ, ಟ್ಯಾಂಕಿನ ತುಕ್ಕು ತೊಳೆಸಿ, ಆಯಿಲ್ ಸೀಲುಗಳನ್ನು ಬದಲಿಸಿ, ಆರ್‌ಸಿ ನವೀಕರಿಸಿ. ಯಾದವಗಿರಿಯಲ್ಲಿ ದುಡಿದವರಲ್ಲಿ ಹಲವರು ಎಪ್ಪತ್ತು ದಾಟಿದ್ದಾರೆ. ಅವರ ಕೈಗೆ ಒಮ್ಮೆ ಗಾಡಿ ಕೊಟ್ಟು, ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ. ಪ್ರತಿ ಜುಲೈನ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಅಷ್ಟರೊಳಗೆ ಅದನ್ನು ರಸ್ತೆಗೆ ತನ್ನಿ.