ಊರು ಮತ್ತು ಮಸಣ: ಬೆಳಗಾವಿ–ಖಾನಾಪುರ ಪರಿಸರವನ್ನು ಕುರಿತ ಒಂದು ವಿವೇಚನೆ

ವಸತಿ ಪ್ರದೇಶದ ಸಮೀಪ ರುದ್ರಭೂಮಿ ಬೇಡವೆಂಬ ವಾದವು ಬೆಳೆಯುತ್ತಿರುವ ಎಲ್ಲ ನಗರಗಳಲ್ಲೂ ಕೇಳಿಬರುತ್ತದೆ. ಇದನ್ನು ಕೇವಲ ಪೌರಾಡಳಿತದ ಸಮಸ್ಯೆಯೆಂದು ಬದಿಗಿರಿಸುವುದು ವಾಡಿಕೆ. ಆದರೆ ಸಾವಿನ ಸ್ಥಳವನ್ನು ಕುರಿತ ಭಯ, ಮೈಲಿಗೆ ಮತ್ತು ಒಡೆತನದ ಕಲ್ಪನೆಗಳು ಈ ವಾದದ ಒಳಗೆ ಕೆಲಸ ಮಾಡುತ್ತಿರುವುದರಿಂದ ಇದು ಸಂಸ್ಕೃತಿ ಅಧ್ಯಯನದ ವಿಷಯವೂ ಆಗಿದೆ. ಆ ಕಲ್ಪನೆಗಳನ್ನು ಬೆಳಗಾವಿ ಮತ್ತು ಖಾನಾಪುರದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಗಮನಿಸಬೇಕಾದುದು, ನಮ್ಮ ಸಮಾಜವು ಎಲ್ಲ ಸಮಾಧಿಗಳನ್ನೂ ದೂರವಿಟ್ಟಿಲ್ಲ ಎಂಬುದು. ಉತ್ತರ ಕರ್ನಾಟಕದ ಅನೇಕ ಮಠಗಳ ಗದ್ದುಗೆಗಳು ಊರ ನಡುವೆಯೇ ಇದ್ದು ನಿತ್ಯ ಪೂಜೆಗೊಳ್ಳುತ್ತವೆ. ದರ್ಗಾಗಳ ಸ್ಥಿತಿಯೂ ಇದೇ. ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಯು ಇಂದು ಜನರ ಶ್ರದ್ಧಾಸ್ಥಾನ. ಅಲ್ಲಿನ ಆಲದ ಮರವನ್ನು ಆತನ ಒಡನಾಡಿಯೇ ನೆಟ್ಟನೆಂಬ ನಂಬಿಕೆಯಿದೆ. ಕಿತ್ತೂರು ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿದೆ. ಆದ್ದರಿಂದ ಜನರ ಅಂಜಿಕೆಗೆ ಹೆಣವೊಂದೇ ಕಾರಣವಲ್ಲ. ಹೆಣ ಯಾರದು ಎಂಬುದೂ ಇಲ್ಲಿ ಮುಖ್ಯವಾಗುತ್ತದೆ.

ಈ ಪ್ರಶ್ನೆಯನ್ನು ಕನ್ನಡ ಸಾಹಿತ್ಯ ಬಹು ಹಿಂದೆಯೇ ಎದುರಿಸಿದೆ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಮಸಣವು ಯಾರಿಗೂ ಸೇರದ ನೆಲವಲ್ಲ. ಅದಕ್ಕೆ ವೀರಬಾಹುವೆಂಬ ಒಡೆಯನಿದ್ದಾನೆ, ತೆರೆಯ ಕಟ್ಟಳೆಯಿದೆ. ಮಗನ ಶವ ತಂದ ಚಂದ್ರಮತಿಗೂ ಅದರಿಂದ ವಿನಾಯಿತಿಯಿಲ್ಲ. ಆ ಒಡೆಯನು ಅನಾಮಿಕನಾಗಿರುವುದು ಗಮನಾರ್ಹ. ಮಸಣದ ಮೈಲಿಗೆಯೂ ಅದನ್ನು ಕಾಯುವವರ ಮೇಲೆ ಹೇರಿದ ಮೈಲಿಗೆಯೂ ಒಂದರೊಳಗೊಂದು ಹೆಣೆದುಕೊಂಡಿವೆ. 1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವ ಅಧಿಕಾರ ಯಾರದೆಂಬ ಜಿಜ್ಞಾಸೆಗೆ ಅಗ್ರಹಾರದಲ್ಲಿ ಉತ್ತರ ದೊರೆಯುವುದಿಲ್ಲ. ಕೊನೆಗೆ ಚಂದ್ರಿಯು ಮುಸ್ಲಿಮನೊಬ್ಬನ ನೆರವಿನಿಂದ ರಾತ್ರಿಯಲ್ಲಿ ದಹನ ನೆರವೇರಿಸುತ್ತಾಳೆ.

ವಾಸ್ತವವು ಕಾದಂಬರಿಯಿಂದ ದೂರವಿಲ್ಲ. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಮೃತರಾದ ಬಂಟ್ವಾಳದ ಮಹಿಳೆಯೊಬ್ಬರ ದಹನಕ್ಕೆ ಮಂಗಳೂರಿನ ಪಚ್ಚನಾಡಿಯಲ್ಲಿ ಸ್ಥಳೀಯರು ಅಡ್ಡಿಪಡಿಸಿದರು. ಕಡೆಗೆ ಬಂಟ್ವಾಳದ ಕೈಕುಂಜೆಯಲ್ಲಿ, ಅಲ್ಲಿಯೂ ವಿರೋಧವಿದ್ದಾಗ, ರಾತ್ರಿಯಲ್ಲಿ ಅಂತ್ಯಕ್ರಿಯೆ ನಡೆಯಿತು.

ಬೆಳಗಾವಿಯಲ್ಲಿ ಇದಕ್ಕೆ ಪ್ರತಿಯಾದ ಪ್ರಯೋಗವೊಂದು ನಡೆದಿದೆ. ಸದಾಶಿವನಗರದ ರುದ್ರಭೂಮಿಯಲ್ಲಿ 2014ರ ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿಬ್ಬಾಣದ ದಿನ, ಸತೀಶ ಜಾರಕಿಹೊಳಿಯವರು ರಾತ್ರಿ ತಂಗಿದರು. ಮುಂದೆ ಅದು ಮೌಢ್ಯ ವಿರೋಧಿ ಕಾರ್ಯಕ್ರಮವಾಗಿ ಬೆಳೆಯಿತು. ಅದರ ರಾಜಕೀಯ ಏನೇ ಇರಲಿ, ಜನರು ಮಸಣದಲ್ಲಿ ಕುಳಿತು ಉಣ್ಣಬಲ್ಲರೆಂಬುದನ್ನು ಅದು ತೋರಿಸಿತು.

ಕಾನೂನಿನ ನೆಲೆಯಲ್ಲಿ ರುದ್ರಭೂಮಿಯು ರಾಜ್ಯಪಟ್ಟಿಯ 10ನೆಯ ವಿಷಯ. 1992ರ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯು ಅದನ್ನು ನಗರಾಡಳಿತದ ಕಾರ್ಯಗಳಲ್ಲಿ ಸೇರಿಸಿತು. ಸ್ಮಶಾನವಿಲ್ಲದ ಗ್ರಾಮಗಳಿಗೆ ಭೂಮಿ ಒದಗಿಸುವಂತೆ ರಾಜ್ಯದ ಉಚ್ಚ ನ್ಯಾಯಾಲಯ 2019ರಲ್ಲಿ ಆದೇಶಿಸಿತು. ಹೊಲವುಳ್ಳವರು ತಮ್ಮ ಹೊಲದಲ್ಲಿಯೇ ಹೂಳುವ ರೂಢಿ ನಮ್ಮ ಕಡೆ ಇದೆ. ಭೂಹೀನರಿಗೆ ಸಾರ್ವಜನಿಕ ನೆಲವೊಂದೇ ಗತಿ. ಹೀಗಾಗಿ ಸಾರ್ವಜನಿಕ ರುದ್ರಭೂಮಿಗೆ ಒಡ್ಡುವ ವಿರೋಧದ ಪೆಟ್ಟು ಮೊದಲು ಬೀಳುವುದು ಅವರ ಮೇಲೆ.

ಹಾಗೆಂದು ನಿವಾಸಿಗಳ ಆಕ್ಷೇಪಗಳೆಲ್ಲ ಹುಸಿಯಲ್ಲ. ಬಾವಿಯಿಂದ ಇರುವ ಅಂತರ, ಚಿತೆಯ ಹೊಗೆ, ಮಲಪ್ರಭೆಯಂತಹ ನದಿಯ ನೆರೆಮಟ್ಟ ಇವು ಅಳೆಯಬಹುದಾದ ಸಂಗತಿಗಳು; ಅಳತೆಯಿಂದಲೂ ಯೋಜನೆಯಿಂದಲೂ ಇವುಗಳಿಗೆ ಉತ್ತರ ಕೊಡಬಹುದು. ಅಪಶಕುನ, ಜಾತಿ, ‘ಪರರ’ ಹೆಣವೆಂಬ ಅಸಹನೆ ಅಳತೆಗೆ ಸಿಗುವುದಿಲ್ಲ. ಎರಡನೆಯ ಬಗೆಯ ಆಕ್ಷೇಪವು ಮೊದಲನೆಯದರ ಭಾಷೆಯನ್ನು ತೊಟ್ಟು ಬರುವುದೇ ಇಲ್ಲಿನ ತೊಡಕು. ಮನವಿಪತ್ರಗಳ ಕನ್ನಡವನ್ನು ಓದಿ ಈ ಎರಡನ್ನೂ ಬೇರ್ಪಡಿಸುವ ಕೆಲಸವನ್ನು ಅಭಿಯಂತರರು ಮಾಡಲಾರರು. ಅದು ಭಾಷೆ ಮತ್ತು ಸಾಹಿತ್ಯದ ಅಧ್ಯಯನಕಾರರಾದ ನಮ್ಮ ಹೊಣೆ.