ಒಂದು ಪದ, ಎರಡು ಹಂಬಲ

ರಾಜಕಾರಣಕ್ಕೆ ಹೊಸ ಹಂಬಲ ಮೂಡಿದಾಗ ಹೊಸ ಪದವೂ ಬೇಕಾಗುತ್ತದೆ. ಆದರೆ ಟಂಕಿಸಿದ ನಾಣ್ಯವು ಯಾರ ಕೈ ಸೇರೀತೆಂದು ಹೇಳುವವರಾರು? ‘ಏಕೀಕರಣ’ದ ಕಥೆಯನ್ನೇ ನೋಡಿ.

1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆದಾಗ, ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಅಲ್ಲಿಯೇ ಕೂಡಿತು. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರ ಹಂಬಲಕ್ಕೆ ಸಂಸ್ಕೃತದ ಈ ಪದವು ಹೆಸರಾಯಿತು. 1956ರ ನವೆಂಬರ್ 1ರಂದು ಅದು ಬಹುಮಟ್ಟಿಗೆ ಈಡೇರಿತು. ಆ ದಿನಕ್ಕೆ ‘ರಾಜ್ಯೋತ್ಸವ’ವೆಂಬ ಹೆಸರು ನಿಂತಿತು.

ಅದೇ ಬೆಳಗಾವಿಯಲ್ಲಿ ಮರಾಠಿ ಭಾಷಿಕರ ಸಂಘಟನೆಯೊಂದುಂಟು. ಅದರ ಹೆಸರೇನು ಬಲ್ಲಿರಾ? ಮಹಾರಾಷ್ಟ್ರ ಏಕೀಕರಣ ಸಮಿತಿ! ಬೆಳಗಾವಿ, ಖಾನಾಪುರಗಳು ಮಹಾರಾಷ್ಟ್ರಕ್ಕೆ ಸೇರಬೇಕೆಂಬುದು ಅದರ ಬೇಡಿಕೆ. ರಾಜ್ಯೋತ್ಸವದ ದಿನವೇ ಅದಕ್ಕೆ ‘ಕರಾಳ ದಿನ’. ಬೆಳಗಾವಿ ಈಗಿರುವಲ್ಲಿಯೇ ಇರಲೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಮಹಾರಾಷ್ಟ್ರ ಅದನ್ನೊಪ್ಪದೆ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2013ರಲ್ಲಿ ಸಮಿತಿಯ ಅಭ್ಯರ್ಥಿಯನ್ನು ಗೆಲ್ಲಿಸಿದ ಖಾನಾಪುರದ ಮತದಾರರು 2018ರಲ್ಲಿ ಬೇರೆ ಪಕ್ಷವನ್ನು ಆರಿಸಿದರು.

ಒಂದಾಗಿರದಿದ್ದುದನ್ನು ಒಂದಾಗಿಸುವುದೇ ಏಕೀಕರಣವೆಂದು ವ್ಯಾಕರಣ ಹೇಳುತ್ತದೆ. ಯಾರೊಡನೆ ಎಂಬುದನ್ನು ಮಾತ್ರ ಹೇಳದು. ಪರಭಾಷೆಯ ನೆರೆಯವನ ಪಾಲಿಗೆ ಅದೇ ಪದ ಅಗಲಿಕೆಯಾದೀತು.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ನೀರನ್ನು ಕನ್ನಡದವರೂ ಮರಾಠಿಯವರೂ ಕುಡಿಯುತ್ತಾರೆ. ಒಂದೇ ಸಂತೆಯಲ್ಲಿ ಎರಡು ನುಡಿಗಳಲ್ಲಿ ಚೌಕಾಸಿ ಮಾಡುತ್ತಾರೆ. ಆ ಬಾಳುವೆಗೆ ಎರಡು ನುಡಿಗಳಲ್ಲಿಯೂ ಒಂದೇ ಅರ್ಥ ಕೊಡುವ ಪದವನ್ನು ರಾಜಕಾರಣ ಇನ್ನೂ ಟಂಕಿಸಬೇಕಾಗಿದೆ.